ದಿಗ್ಬಂಧನವನ್ನು ಬಂಧನವೆಂದು ಓದಿದ ದಫ್ತರಿಗೆ

ಮೀಸಲು ಪಡೆಯ ಬಡ್ತಿ ಕಡತಗಳನ್ನು ಕಾಯುತ್ತಾ ಕುಳಿತಿರುವ ಮಾನ್ಯರೇ,

ನಿಮ್ಮ ಮೂರನೆಯ ಪತ್ರ ಹೋದ ಸೋಮವಾರ ಬಡವನಹಳ್ಳಿಯ ಟಪಾಲಿನವನ ಕೈಯಿಂದ ನನಗೆ ತಲುಪಿತು. ಓದಿದೆ. ಓದಿದ ಮೇಲೆ ಎದ್ದು ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡೆ. ಮಾತಿನ ಸೊಗಸಿಗೆ ಹೀಗೆ ಬರೆಯುತ್ತಿಲ್ಲ, ನಿಜವಾಗಿಯೂ ತೊಳೆದುಕೊಂಡೆ. ಹದಿನೇಳು ವರ್ಷ ಸಂಸ್ಥಾನದ ಖಾಕಿ ತೊಟ್ಟು, ಅದರಲ್ಲಿ ಒಂಬತ್ತು ವರ್ಷ ತೋಳಿನ ಮೇಲೆ ನಾಯಕ್ ದರ್ಜೆಯ ಎರಡು ಪಟ್ಟಿ ಹೊತ್ತ ನನಗೆ ಹವಾಲ್ದಾರನ ಮೂರನೆಯ ಪಟ್ಟಿ ಕೊಡಲಾಗದು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಕಾರಣ, ೧೯೩೦ನೆಯ ಇಸವಿ ಜನವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಪ್ಪತ್ತೊಂದು ದಿನಗಳ ಕನ್ನಡಿ ಸಂಕೇತದ ತರಬೇತಿಗೆ ನಾನು ಹಾಜರಾಗಿಲ್ಲ. ಬರುವ ದಸರೆಗೆ ನನಗೆ ನಲವತ್ತು ತುಂಬುತ್ತದೆ. ಆಮೇಲೆ ನಿಮ್ಮ ಪಡೆಯಲ್ಲಿ ನನಗೆ ಜಾಗವಿಲ್ಲ, ಆದ್ದರಿಂದ ಇದು ನನ್ನ ಕೊನೆಯ ಮೇಲ್ಮನವಿ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ಮನವಿಗಳನ್ನು ತಾವು ಹೇಗೆ ಓದುತ್ತೀರೆಂಬುದು ಈಗ ನನಗೆ ಗೊತ್ತಾಗಿದೆ. ಇದು ಪತ್ರಿಕೆಯಲ್ಲಿ ಅಚ್ಚಾದರೆ ನಾಲ್ಕು ಜನ ಓದುತ್ತಾರೆ, ಅವರಲ್ಲಿ ಕಣ್ಣು ಸರಿಯಾಗಿರುವ ಒಬ್ಬರಾದರೂ ನಿಮಗೆ ಓದಿ ಹೇಳಬಹುದು.

ಕನ್ನಡಿ ಸಂಕೇತವೆಂದರೆ ಏನೆಂದು ತಿಳಿಯದ ಓದುಗರಿಗಾಗಿ ಒಂದು ಮಾತು. ಗುಡ್ಡದ ಮೇಲೆ ನಿಂತ ಸಿಪಾಯಿ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ದೂರದ ಗುಡ್ಡದವನ ಕಣ್ಣಿಗೆ ಹೊಳೆಸುತ್ತಾನೆ. ಗಿಡ್ಡ ಹೊಳಪು, ಉದ್ದ ಹೊಳಪು, ಅವುಗಳ ಲೆಕ್ಕದಲ್ಲಿ ಸುದ್ದಿ. ಇಷ್ಟೇ ವಿದ್ಯೆ. ಇದನ್ನು ನಾನು ಕಲಿತಿಲ್ಲವೆಂಬುದು ನಿಮ್ಮ ದೂರು. ಕಲಿತಿದ್ದೇನೋ ಇಲ್ಲವೋ ಮುಂದೆ ಹೇಳುತ್ತೇನೆ, ಮೊದಲು ನಾನೇಕೆ ಬರಲಿಲ್ಲ ಎಂಬುದನ್ನು ಕೇಳಿ.

ಆ ವರ್ಷ ಸಂಕ್ರಾಂತಿ ಕಳೆದ ಮರುದಿನ ನಾನು ಬೆಂಗಳೂರಿಗೆ ಹೊರಡಬೇಕಿತ್ತು. ಪೆಟ್ಟಿಗೆ ಕಟ್ಟಿತ್ತು, ಬೂಟಿಗೆ ಎಣ್ಣೆ ಸವರಿತ್ತು, ಖಾಕಿಯನ್ನೂ ತೊಟ್ಟಾಗಿತ್ತು. ಅಷ್ಟರಲ್ಲಿ ನಮ್ಮೂರಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಎರಡು ದಿನದಲ್ಲಿ ಊರು ಖಾಲಿಯಾಗಿ ಎಲ್ಲರೂ ಬಯಲಿನ ಗುಡಿಸಲುಗಳಿಗೆ ಬಂದೆವು. ಮಧುಗಿರಿಯ ಅಮಲ್ದಾರರು ಖುದ್ದಾಗಿ ಬಂದು, ಇಪ್ಪತ್ತೊಂದು ದಿನ ಯಾರೂ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಹಾಯಕೂಡದೆಂದು ತಮಟೆ ಹೊಡೆಸಿದರು. ಕಾಯುವವರು ಯಾರು? ಪೊಲೀಸಿನವರು ಸಾಲುತ್ತಿರಲಿಲ್ಲ. ನನ್ನ ಖಾಕಿಯ ಮೇಲೆ ಅಮಲ್ದಾರರ ಕಣ್ಣು ಬಿತ್ತು. ತರಬೇತಿಗೆ ಕರೆ ಬಂದಿದೆ ಎಂದು ನಾನು ಪತ್ರ ತೋರಿಸಿದೆ. ನೀವು ಸರ್ಕಾರದ ಸಮವಸ್ತ್ರದವರು, ಇದೂ ಸರ್ಕಾರದ ಕೆಲಸವೇ, ನಿಮ್ಮ ದಫ್ತರಿಗೆ ಇವತ್ತೇ ಬರೆಯುತ್ತೇನೆ ಎಂದರು. ಅಲ್ಲೇ ಗಾಡಿಯ ಮೂಕಿಯ ಮೇಲೆ ಕಾಗದವಿಟ್ಟು ಹುಕುಂ ಬರೆದುಕೊಟ್ಟರು. ಹೇಳಿದಂತೆ ನಿಮಗೂ ಬರೆದರು. ಆ ಪತ್ರ ತಲುಪಿದ್ದಕ್ಕೆ ನಿಮ್ಮದೇ ದಫ್ತರಿನ ಮೊಹರು ಇದೆ, ತಾಲ್ಲೂಕು ಕಚೇರಿಯ ನಕಲಿನ ಬೆನ್ನಲ್ಲಿ ನಾನೇ ನೋಡಿ ಬಂದಿದ್ದೇನೆ.

ಇನ್ನು ಆ ಪದದ ವಿಚಾರ. ಅಮಲ್ದಾರರು ತಮಟೆ ಹೊಡೆಸಿದ ದಿನವೇ ಮಾರಮ್ಮನ ಪೂಜಾರಿ ಕೆಂಪಯ್ಯ ನಮ್ಮ ವಾಡಿಕೆಯಂತೆ ಬಯಲಿನ ಎಂಟು ದಿಕ್ಕಿಗೂ ನಿಂಬೆಹಣ್ಣು ಹೂತು, ದಾರಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿದ. ಇದಕ್ಕೆ ನಮ್ಮಲ್ಲಿ ದಿಗ್ಬಂಧನ ಎನ್ನುತ್ತಾರೆ. ಹಗ್ಗ ಬಿಚ್ಚುವ ತನಕ ಅದನ್ನು ಯಾರೂ ದಾಟುವುದಿಲ್ಲ. ಅಮಲ್ದಾರರ ಗೆರೆಯೂ ಕೆಂಪಯ್ಯನ ಹಗ್ಗವೂ ಒಂದೇ ಕಡೆ ಬಿದ್ದದ್ದು ನನ್ನ ಕೆಲಸಕ್ಕೆ ಅನುಕೂಲವೇ ಆಯಿತು. ಹುಕುಮಿಗೆ ಹೆದರದವರು ಹಗ್ಗಕ್ಕೆ ಹೆದರಿದರು. ಹೋದ ವರ್ಷ ತಾವು ಗೈರುಹಾಜರಿಗೆ ಕಾರಣ ಕೇಳಿದಾಗ ನಮ್ಮ ಪಟೇಲ್ ನಂದೀಶ್ವರಯ್ಯನವರು ತಮ್ಮ ಕೈಯಾರೆ ಸರ್ಟಿಫಿಕೇಟು ಬರೆದುಕೊಟ್ಟರು: "ಪ್ಲೇಗಿನ ದೆಸೆಯಿಂದ ದಿಗ್ಬಂಧನವಾಗಿದ್ದ ಕಾರಣ ಸದರಿ ಬೊಮ್ಮಣ್ಣನವರು ಇಪ್ಪತ್ತೊಂದು ದಿನ ಊರು ಬಿಟ್ಟು ಬರಲಾಗಲಿಲ್ಲ." ಇದರಲ್ಲಿ ತಿಳಿಯದ ಮಾತು ಏನಿದೆ?

ತಮಗೆ ತಿಳಿಯಲಿಲ್ಲ. ನಿಮ್ಮ ಎರಡನೆಯ ಪತ್ರ ಬಂತು. "ನೀವು ಇಪ್ಪತ್ತೊಂದು ದಿನ ಬಂಧನದಲ್ಲಿದ್ದುದಾಗಿ ಒಪ್ಪಿಕೊಂಡಿರುತ್ತೀರಿ. ಯಾವ ಗುನ್ನೆ, ಯಾವ ಜೈಲು, ಬಿಡುಗಡೆಯ ತಾರೀಖು ಯಾವುದು ಎಂಬ ವಿವರಗಳನ್ನು ಜೈಲಿನ ಅಧಿಕಾರಿಗಳ ರುಜುವಿನೊಂದಿಗೆ ಕಳುಹಿಸತಕ್ಕದ್ದು." ಅದರ ನಕಲನ್ನು ಪೊಲೀಸಿಗೂ ಕಳಿಸುವಷ್ಟು ಚುರುಕು ತಮ್ಮಲ್ಲಿತ್ತು. ಬಡವನಹಳ್ಳಿಯ ಕಾನ್‌ಸ್ಟೇಬಲ್ ನಮ್ಮ ಜಗಲಿಯ ಮೇಲೆ ಕೂತು, ತಲೆ ಕೆರೆದುಕೊಳ್ಳುತ್ತಾ, ನಾನು ಯಾವ ಜೈಲಿನಲ್ಲಿದ್ದೆ ಎಂದು ನನ್ನನ್ನೇ ಕೇಳಿದ. ಸಂತೆಯ ದಿನ ಬೇರೆ. ಹೋಬಳಿಯೆಲ್ಲ ಕಿವಿಗೊಟ್ಟು ನಿಂತಿತ್ತು. ಎಪ್ಪತ್ತು ದಾಟಿದ ಪಟೇಲರು ಸುದ್ದಿ ಕೇಳಿ ಕೋಲೂರಿಕೊಂಡು ಬಂದು, ನನ್ನ ಮುಖ ನೋಡಲಾಗದೆ ನೆಲ ನೋಡುತ್ತಾ, "ನಾನೇ ನಿಂಗೆ ಬೇಡಿ ತೊಡಿಸ್ದಂಗಾತಲ್ಲಪ್ಪ ಬೊಮ್ಮಣ್ಣ" ಎಂದರು. ಆ ಹಿರಿಯರ ಬಾಯಲ್ಲಿ ಆ ಮಾತು ಬರಿಸಿದ್ದಕ್ಕಾದರೂ ತಮ್ಮಲ್ಲಿ ಯಾರಿಗಾದರೂ ನಾಚಿಕೆಯಾಯಿತೇ?

ನಾನು ಖುದ್ದಾಗಿ ಬೆಂಗಳೂರಿಗೆ ಬಂದೆ. ಎರಡು ದಿನ ನಿಮ್ಮ ಪಡಸಾಲೆಯ ಬೆಂಚಿನ ಮೇಲೆ ಕಾದೆ. ತಮ್ಮ ದರ್ಶನವಾಗಲಿಲ್ಲ, ಗುಮಾಸ್ತರೊಬ್ಬರು ಸಿಕ್ಕಿದರು. ದಿಗ್ಬಂಧನವೆಂದರೆ ಏನೆಂದು ಅವರಿಗೆ ನಿಂಬೆಹಣ್ಣಿನಿಂದ ಹಿಡಿದು ಬೇವಿನ ಹಗ್ಗದವರೆಗೆ ವಿವರಿಸಿದೆ. ಅಮಲ್ದಾರರ ಹುಕುಂ ತೋರಿಸಿದೆ. ಅವರು ಒಳ್ಳೆಯವರೇ, ಓದಿ ನಕ್ಕರು. ತಪ್ಪು ನಮ್ಮದೇ, ಯಾರೋ ಆತುರದಲ್ಲಿ ಮೊದಲರ್ಧ ಬಿಟ್ಟು ಓದಿದ್ದಾರೆ ಎಂದು ಒಪ್ಪಿಕೊಂಡರು. ಹಾಗಾದರೆ ತಿದ್ದಿ ಎಂದೆ. ಕಡತಕ್ಕೆ ಸೇರಿದ್ದನ್ನು ತೆಗೆಯುವ ಅಧಿಕಾರ ತಮಗಿಲ್ಲ, ಸೇರಿಸುವ ಅಧಿಕಾರ ಮಾತ್ರ ಇದೆ ಎಂದರು. ಅಮಲ್ದಾರರ ಪತ್ರ ಎಲ್ಲಿ ಹೋಯಿತು ಎಂದೆ. ಅದು ಸಿವಿಲ್ ಇಲಾಖೆಯಿಂದ ಬಂದದ್ದು, ಆದ್ದರಿಂದ ಬೇರೆ ಕಟ್ಟಿನಲ್ಲಿದೆ, ಆ ಕಟ್ಟನ್ನು ಈ ದಫ್ತರಿನವರು ಬಿಚ್ಚುವಂತಿಲ್ಲ ಎಂದರು. ನಮ್ಮ ಕೆಂಪಯ್ಯ ಕಟ್ಟಿದ ಹಗ್ಗವಾದರೂ ಇಪ್ಪತ್ತೊಂದು ದಿನಕ್ಕೆ ಬಿಚ್ಚಿತು ಮಾನ್ಯರೇ. ತಮ್ಮ ದಫ್ತರಿನ ದಿಗ್ಬಂಧನ ಬಿಚ್ಚಲು ಯಾವ ಪೂಜಾರಿಯನ್ನು ಕರೆಸಬೇಕು?

ಆಮೇಲೆ ಬಂದದ್ದೇ ನಾನು ಕೈ ತೊಳೆದುಕೊಂಡ ಮೂರನೆಯ ಪತ್ರ. "ಬಂಧನವಾಗಲಿ ದಿಗ್ಬಂಧನವಾಗಲಿ, ಸದರಿಯವರು ತರಬೇತು ಪಡೆದಿರುವುದಿಲ್ಲ. ಸದರಿ ಇಪ್ಪತ್ತೊಂದು ದಿನಗಳು ಯಾವ ಸೇವೆಗೂ ಸಲ್ಲುವುದಿಲ್ಲ. ಮನವಿಯನ್ನು ವಜಾ ಮಾಡಿದೆ." ಮೊದಲ ವಾಕ್ಯಕ್ಕೆ ನನಗೆ ಹೇಸಿಗೆಯಾಯಿತು. ಎರಡನೆಯದಕ್ಕೆ ಆದದ್ದು ಹೇಸಿಗೆಗಿಂತ ಹೆಚ್ಚಿನದು, ಅದಕ್ಕಾಗಿಯೇ ಈ ಪತ್ರ.

ಆ ದಿನಗಳು ಯಾವ ಸೇವೆಗೂ ಸಲ್ಲುವುದಿಲ್ಲವೇ? ಹಾಗಾದರೆ ಆ ದಿನಗಳಲ್ಲಿ ನಾನು ಮಾಡಿದ್ದೇನೆಂದು ಕೇಳಿ. ಒಳಗಡೆ ನಾನು ಹಗ್ಗದ ಬಳಿ ನಿಂತೆ. ಹೊರಗಡೆ ಮುಕ್ಕಾಲು ಮೈಲಿ ದೂರದ ಅರಳೀಕಟ್ಟೆಯಲ್ಲಿ, ನಮ್ಮ ಪಡೆಯವನೇ ಆದ ಸಿಪಾಯಿ ಮೂಡಲಗಿರಿಯಪ್ಪ ನಿಂತ. ಒಳಗಿನ ಸುದ್ದಿ ಅವನಿಗೆ, ಅವನಿಂದ ಮಧುಗಿರಿಯ ಡಾಕ್ಟರಿಗೆ ಹೋಗಬೇಕಿತ್ತು. ಕೂಗಿದರೆ ಕೇಳುವ ದೂರವಲ್ಲ, ಯಾರೂ ಹತ್ತಿರ ಬರುವಂತಿಲ್ಲ. ನಮ್ಮ ಗುಡಿಸಲಿನಲ್ಲಿ ಅಂಗೈಯಗಲದ ಒಂದು ಕನ್ನಡಿ ಇತ್ತು. ನಮ್ಮಕ್ಕ ಜಯಕ್ಕ ಮದುವೆಯಾದ ವರ್ಷ ಶಿರಾದ ಸಂತೆಯಲ್ಲಿ ಅವ್ವನಿಗೆ ಕೊಡಿಸಿದ್ದು. ಅದನ್ನು ಹಿಡಿದು ಬಂಡೆ ಹತ್ತಿದೆ. ಗಿಡ್ಡ ಹೊಳಪು ಒಂದಕ್ಕೆ ಒಬ್ಬ ರೋಗಿ, ಉದ್ದ ಹೊಳಪು ಒಂದಕ್ಕೆ ಒಂದು ಸಾವು ಎಂದು ಮೊದಲ ದಿನವೇ ನಾವಿಬ್ಬರೂ ಗೊತ್ತು ಮಾಡಿಕೊಂಡಿದ್ದೆವು. ಪ್ರತಿದಿನ ಬೆಳಿಗ್ಗೆ ಬಿಸಿಲು ಏರುತ್ತಲೇ ನಾನು ಹೊಳೆಸಿದೆ, ಅವನು ಎಣಿಸಿದ. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಎರಡು ಸಲ ಡಾಕ್ಟರು ಚುಚ್ಚುಮದ್ದು ಹಿಡಿದು ಬಂದದ್ದು ಆ ಕನ್ನಡಿಯನ್ನು ನಂಬಿಯೇ. ಕನ್ನಡಿ ಸಂಕೇತ ಬಾರದವನು ನಾನು!

ಏಳನೆಯ ದಿನ ನಮ್ಮವ್ವ ನರಸಿಂಹಮ್ಮನಿಗೆ ಕಂಕುಳಲ್ಲಿ ಗಡ್ಡೆ ಎದ್ದಿತು. ಅವತ್ತು ಬಂದಿದ್ದ ಡಾಕ್ಟರ ಬಾಯಿಂದ ಸುದ್ದಿ ಅರಳೀಕಟ್ಟೆಗೆ, ಅಲ್ಲಿಂದ ಜಯಕ್ಕನ ಗಂಡನ ಊರಾದ ತೋವಿನಕೆರೆಗೆ ಹೋಯಿತು. ಜಯಕ್ಕ ಗಂಜಿಯ ಕುಡಿಕೆ ಹೊತ್ತು ಬಂದಳು. ಮೂಡಲಗಿರಿಯಪ್ಪನ ಕಣ್ಣು ತಪ್ಪಿಸಿ ನೇರ ಹಗ್ಗದ ತನಕ ಬಂದುಬಿಟ್ಟಳು.

"ಒಂದ್ ಗುಟುಕು ಗಂಜಿ ಕುಡ್ಸಿ ಬಂದ್ಬುಡ್ತೀನಿ ಕಣ್ಲಾ ಬೊಮ್ಮ" ಎಂದಳು.

"ಆಗಕ್ಕಿಲ್ಲ ಕಣಕ್ಕ. ಸರ್ಕಾರದ ಹುಕುಂ ಐತೆ."

"ಹುಕುಂ ಬರ್ದೋನ್ಗೆ ಅವ್ವ ಇಲ್ವೇನ್ಲಾ?"

ಅವಳು ಹಗ್ಗಕ್ಕೆ ಕೈ ಹಾಕಿದಳು. ನಾನು ಕೋಲು ಅಡ್ಡ ಹಿಡಿದೆ, ಒಡಹುಟ್ಟಿದ ಅಕ್ಕನಿಗೆ. ಅವಳ ಕೈಯಲ್ಲಿದ್ದ ಕುಡಿಕೆಯನ್ನೂ ಮುಟ್ಟಲಿಲ್ಲ, ಹೊರಗಿನ ಪಾತ್ರೆ ಒಳಗೆ ಬರಕೂಡದೆಂದು ಹುಕುಮಿನಲ್ಲಿತ್ತು. ಅವಳು ಅದನ್ನು ಹಗ್ಗದ ಆಚೆ ನೆಲದ ಮೇಲಿಟ್ಟು ಅರಳೀಕಟ್ಟೆಗೆ ವಾಪಸು ಹೋದಳು. ಅಲ್ಲೇ ಉಳಿದಳು. ಮೂಡಲಗಿರಿಯಪ್ಪ ಡಾಕ್ಟರ ಕೈಲಿ ಹೇಳಿ ಕಳಿಸಿದ್ದರಿಂದ, ದಿನವೂ ಮೊದಲ ಹೊಳಪನ್ನು ಅವ್ವನದೆಂದು ಇಟ್ಟುಕೊಂಡೆವು. ಗಿಡ್ಡವಾಗಿದ್ದರೆ ಅವ್ವ ಇದ್ದಾಳೆ ಎಂದು ಅರ್ಥ. ಅಕ್ಷರ ಬಾರದ ನಮ್ಮಕ್ಕ ಕನ್ನಡಿಯ ಓದನ್ನು ಎರಡೇ ಬೆಳಗಿನಲ್ಲಿ ಕಲಿತಳು. ತಾವು ಇದಕ್ಕೆ ಇಪ್ಪತ್ತೊಂದು ದಿನ ಇಟ್ಟಿದ್ದೀರಿ.

ಗಡ್ಡೆ ಎದ್ದ ಐದನೆಯ ದಿನ ಬೆಳಿಗ್ಗೆ ಮೊದಲ ಹೊಳಪನ್ನು ನಾನು ಉದ್ದ ಮಾಡಬೇಕಾಯಿತು. ಅವ್ವನ ಕನ್ನಡಿಯಲ್ಲೇ ಅವ್ವನ ಸುದ್ದಿ ಕಳಿಸಿದೆ. ಕನ್ನಡಿ ಅಲುಗಿದರೆ ಉದ್ದದ ಹೊಳಪು ತುಂಡಾಗಿ ಗಿಡ್ಡವಾಗಿ ಕಂಡೀತೆಂದು ಎರಡೂ ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಮೂಡಲಗಿರಿಯಪ್ಪ ನನಗೆ ಹೇಳಿದ: "ನಾ ಬಾಯ್ ಬುಡಕ್ ಮುಂಚೇನೇ ಅಕ್ಕ ಕೂತ್ಕಂಡ್ಬುಟ್ಳು ಕಣಣ್ಣ." ಮಣ್ಣಿಗೂ ಅವಳನ್ನು ಬಿಡಲಿಲ್ಲ. ಉಳಿದ ಹತ್ತು ದಿನವೂ ನಾನು ಬಂಡೆ ಹತ್ತಿ, ಬೇರೆಯವರ ಮನೆಯ ಲೆಕ್ಕ ಹೊಳೆಸಿದೆ. ಪ್ಲೇಗು ನಮ್ಮ ಗೆರೆ ದಾಟಲಿಲ್ಲ. ಪಕ್ಕದ ಯಾವ ಊರಿಗೂ ಹೋಗಲಿಲ್ಲ.

ಅಂದಿನಿಂದ ಜಯಕ್ಕ ನಮ್ಮ ಮನೆಯ ಹೊಸಲು ತುಳಿದಿಲ್ಲ. ಹೋದ ಯುಗಾದಿಗೆ ನಾನೇ ತೋವಿನಕೆರೆಗೆ ಹೋದೆ. ಊಟಕ್ಕಿಟ್ಟಳು. ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದಳು: "ಸರ್ಕಾರ ತಡೀತೋ, ನೀನಾಗೇ ತಡದ್ಯೋ, ಅದೊಂದ್ ನಂಗೆ ಗೊತ್ತಾಗ್ಬೇಕು ಕಣ್ಲಾ. ಸರ್ಕಾರದೋರು ಅವತ್ತಿಂದು ಬರ್ಕೊಂಡಿದ್ರೆ ನಾನು ಸುಮ್ಕಾಯ್ತೀನಿ." ಅವಳಿಗೆ ಅಮಲ್ದಾರರ ಕಾಗದ ಸಾಲದು. ಆ ಕಾಗದ ಹಿಡಿದವನು ನಾನೇ ಅಲ್ಲವೇ? ನಾನು ಯಾರ ಖಾಕಿ ತೊಟ್ಟು ಕೋಲು ಅಡ್ಡ ಹಿಡಿದೆನೋ ಅವರ ಮಾತು ಅವಳಿಗೆ ಬೇಕು. ಬಡ್ತಿ ಬಂದರೆ ನನ್ನ ಸೇವಾ ಪುಸ್ತಕದಲ್ಲಿ ಆ ದಿನಗಳು ಏರುತ್ತವೆ, ಮೂರನೆಯ ಪಟ್ಟಿ ಹೊಲಿಸಿಕೊಂಡು ಹೋಗಿ ಅವಳೆದುರು ನಿಲ್ಲುತ್ತೇನೆ ಎಂದುಕೊಂಡಿದ್ದೆ. ನಾನು ಬಡ್ತಿಗೆ ಅರ್ಜಿ ಹಾಕಿದ್ದು ಇದಕ್ಕೇ. ಬೇರೆ ಆಸೆ ಇತ್ತೆಂದು ತಾವು ತಿಳಿದಿದ್ದರೆ ಅದನ್ನೂ ಬಂಧನದ ಜೊತೆ ಕಡತಕ್ಕೆ ಸೇರಿಸಿಕೊಳ್ಳಿ, ಸೇರಿಸುವ ಅಧಿಕಾರ ಇದೆಯಂತಲ್ಲ.

ಈಗ ನನ್ನ ಬೇಡಿಕೆ. ಮೂರನೆಯ ಪಟ್ಟಿಯನ್ನು ತಾವೇ ಇಟ್ಟುಕೊಳ್ಳಿ, ನನಗೆ ಅದರ ಮೇಲಿನ ಆಸೆ ಹೋಯಿತು. ನನ್ನ ಕಡತದಿಂದ ಬಂಧನವೆಂಬ ಪದವನ್ನು ಹೊಡೆದುಹಾಕಿ. ೧೯೩೦ನೆಯ ಇಸವಿ ಜನವರಿ-ಫೆಬ್ರವರಿಯ ಆ ಇಪ್ಪತ್ತೊಂದು ದಿನ ನಾಯಕ್ ಬೊಮ್ಮಣ್ಣನೂ ಸಿಪಾಯಿ ಮೂಡಲಗಿರಿಯಪ್ಪನೂ ಸರ್ಕಾರದ ಹುಕುಮಿನ ಮೇಲೆ ಕಾವಲಿದ್ದರು ಎಂಬ ಒಂದು ಸಾಲನ್ನು ದಸರೆಯೊಳಗೆ ಬರೆಯಿರಿ.

ಅದಾಗದಿದ್ದರೆ ತಾವು ಖುದ್ದಾಗಿ ತೋವಿನಕೆರೆಗೆ ಹೋಗತಕ್ಕದ್ದು. ಜಯಕ್ಕನ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅವಳಿಗೆ ಓದು ಬರುವುದಿಲ್ಲ, ಆದ್ದರಿಂದ ನಿಮ್ಮ ಮೂರನೆಯ ಪತ್ರವನ್ನು ತಾವೇ ಗಟ್ಟಿಯಾಗಿ ಓದಬೇಕು. ಆ ಇಪ್ಪತ್ತೊಂದು ದಿನ ಯಾವ ಸೇವೆಗೂ ಸಲ್ಲುವುದಿಲ್ಲವಮ್ಮ, ಸರ್ಕಾರ ನಿನ್ನನ್ನು ತಡೆಯಲಿಲ್ಲ, ನಿನ್ನ ತಮ್ಮನೇ ತಡೆದ ಎಂದು ಅವಳ ಮುಖ ನೋಡಿ ಹೇಳಬೇಕು. ಹೇಳಿದ ಮೇಲೆ ಅವಳು ನೀರು ಕೊಟ್ಟರೆ ಕುಡಿದು ಬನ್ನಿ.

ಇಂತಿ,
ನಿಮ್ಮ ಕಡತದ ಪ್ರಕಾರ ಯಾವುದೋ ಜೈಲಿನಿಂದ ಬಿಡುಗಡೆಯಾಗಿರುವ,
ಜಯಕ್ಕನ ಲೆಕ್ಕದಲ್ಲಿ ಇನ್ನೂ ಆಗದಿರುವ,
ಎರಡೇ ಪಟ್ಟಿಯ ನಾಯಕ್ ಬೊಮ್ಮಣ್ಣ
ಬಡವನಹಳ್ಳಿ ಹೋಬಳಿ, ಮಧುಗಿರಿ ತಾಲ್ಲೂಕು
ಆಗಸ್ಟ್ ೧೯೩೧