ನೂರ ಎಪ್ಪತ್ತರ ಗೆರೆ

ಮಾರ್ಚ್ 4, ಬೆಳಿಗ್ಗೆ 6.40
ಮಾತ್ರೆ ಆಯ್ತು. ನಾಡಿ 82. ಒಗೆಯೋ ಬಟ್ಟೆ ಹೊತ್ತು ಹದಿಮೂರು ಮೆಟ್ಟಿಲು. ಏಳನೇ ಮೆಟ್ಟಿಲಲ್ಲಿ ನಿಂತು ಕುತ್ತಿಗೆ ಮೇಲೆ ಬೆರಳಿಟ್ಟು ಎಣಿಸಿದೆ. 104. ಪರವಾಗಿಲ್ಲ. ನೂರ ಎಪ್ಪತ್ತು ದಾಟಿದ್ರೆ ಎದೆಯೊಳಗಿನ ಡಬ್ಬಿ ಶಾಕ್ ಹೊಡೆಯುತ್ತೆ. ಹೃದಯ ನಿಂತುಹೋಗದಿರಲಿ ಅಂತ ಇಟ್ಟಿದ್ದು. ಕತ್ತೆ ಒದ್ದ ಹಾಗೆ ಒದೆಯುತ್ತೆ. ಹಾಕಿಸಿ ಹದಿನಾಲ್ಕು ತಿಂಗಳು, ಮೊದಲ ತಿಂಗಳಲ್ಲೇ ಎರಡು ಸಲ. ಎರಡೂ ಸಲ ಹಗ್ಗದೊಳಗೆ ಜಿಗಿಯುವಾಗ.

ಮಾರ್ಚ್ 9, ಶನಿವಾರ
ಕ್ಲಬ್ಬಿಗೆ ಹೋದೆ. ನಲವತ್ತು ದಾಟಿದ ಹೆಂಗಸರು, ಎರಡು ಹಗ್ಗ ಒಟ್ಟಿಗೆ ತಿರುಗಿಸಿ ನಡುವೆ ಜಿಗಿಯೋ ಆಟ. ಶುರು ಮಾಡಿದ್ದೇ ನಾನು. ಈಗ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟೋದು ನನ್ನ ಕೆಲಸ. ಚಿಕ್ಕಂದಿನಿಂದ ನನಗೆ ಹಗ್ಗ ತಿರುಗಿಸಿದ ರೋಸಲಿನ್ ಬಿಡೋದೇ ಇಲ್ಲ.
"ಒಂದೇ ಸುತ್ತು ಕಣೇ ವರ್ನೀಟಾ. ನಿಧಾನಕ್ಕೆ ತಿರುಗಿಸ್ತೀವಿ."
"ನಿಧಾನಕ್ಕೆ ತಿರುಗಿಸಿದ್ರೆ ಅದ್ರ ಮೇಲೆ ಬಟ್ಟೆ ಒಣಗಿಸ್ಬೋದು."
ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಭಯ ಆಯ್ತು — ನಕ್ಕಿದ್ದಕ್ಕೆ ಎಷ್ಟು ಏರಿತೋ. 96.

ಮಾರ್ಚ್ 21
ನಿನ್ನೆ ಮೂರನೇ ಶಾಕ್. ಹಗ್ಗ ಇಲ್ಲ, ಏನಿಲ್ಲ. ಬಸ್ಸು ತಪ್ಪುತ್ತೆ ಅಂತ ಓಡಿದೆ, ಅಷ್ಟೆ. ಯೂಕ್ಲಿಡ್ ಅವೆನ್ಯೂ ರಸ್ತೇಲಿ ಎಲ್ಲರೆದುರು ಬಿದ್ದೆ. ಮೊಣಕಾಲು ತರಚಿದೆ. ಇನ್ನು ಮೇಲೆ ಬಸ್ಸಿಗೂ ಓಡೋ ಹಾಗಿಲ್ಲ... ಕ್ಲಿನಿಕ್ಕಿಗೆ ಫೋನ್ ಮಾಡಿದ್ರೆ ಮೊದಲ ಪ್ರಶ್ನೆ, "ಮಾತ್ರೆ ಬಿಟ್ಟಿದ್ರಾ?" ಒಂದೂ ಬಿಟ್ಟಿಲ್ಲ. ಮೈಯೆಲ್ಲ ಉರಿದುಹೋಯ್ತು.

ಏಪ್ರಿಲ್ 2, ಮಧ್ಯಾಹ್ನ
ಕ್ಲಿನಿಕ್ಕಲ್ಲಿ ಪಕ್ಕ ಕೂತಿದ್ದು ನೊವಾಚೆಕ್ ಅನ್ನೋ ಬಿಳಿ ಮುದುಕ. ಅದೇ ಡಬ್ಬಿ, ಅದೇ ಡಾಕ್ಟರು. ದಿನಾ ಈಜ್ತಾನಂತೆ. ಮನೆ ಮುಂದಿನ ಹಿಮ ತಾನೇ ಎತ್ತಿಹಾಕ್ತಾನಂತೆ.
"ಶಾಕ್ ಹೊಡೆಯಲ್ವಾ ನಿಮಗೆ?"
"ಒಂದ್ಸಲಾನೂ ಇಲ್ಲಮ್ಮ. ನಂದು ಇನ್ನೂರಕ್ಕೆ ಇಟ್ಟಿದಾರೆ. ನಿಮ್ದು?"
"ನೂರ ಎಪ್ಪತ್ತು" ಅಂದೆ.
ಡಬ್ಬಿ ಪರೀಕ್ಷೆ ಮಾಡೋಳು ಟಮೀಕಾ, ನಮ್ಮವಳೇ. ಮೂರೂ ಸುಳ್ಳು ಶಾಕ್ ಅಂದಳು. ಹೃದಯ ಜೋರಾಗಿ ಬಡೀತಿತ್ತು ಅಷ್ಟೆ, ಲಯ ಕೆಟ್ಟಿರಲಿಲ್ಲವಂತೆ. ಬಾಗಿಲು ನೋಡಿ ದನಿ ತಗ್ಗಿಸಿದಳು. "ಸುಳ್ಳು ಶಾಕ್ ನಮ್ಮ ಕರಿ ಜನಕ್ಕೇ ಜಾಸ್ತಿ ಬೀಳ್ತಿದೆ. ಗೆರೆ ಮೇಲಕ್ಕೇರಿಸಿದ್ರೆ ಯಾರಿಗಾದ್ರೂ ಕಡಿಮೆಯಾಗುತ್ತೆ. ಡಾಕ್ಟರನ್ನೇ ಕೇಳಿ, ಮಿಸ್ ವರ್ನೀಟಾ."
ಕೇಳಿದೆ. ಡಾಕ್ಟರ್ ಹಾರ್ಲನ್ ಕಂಪ್ಯೂಟರ್ ನೋಡ್ತಾನೇ ಹೇಳಿದ್ರು, "ಎಲ್ಲರಿಗೂ ಅಷ್ಟೇ ಇಡೋದು."
"ನೊವಾಚೆಕ್ ಎಲ್ಲರಲ್ಲಿ ಸೇರಲ್ವಾ ಡಾಕ್ಟರೇ?"
ಕಂಪ್ಯೂಟರ್ ಬಿಟ್ಟು ನನ್ನ ಕಡೆ ತಿರುಗಿದ್ರು.
"ಅವರು ಕೇಳಿದ್ರು."
ನನಗೆ ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಹೇಗೆ ಕೇಳಲಿ?
ಎದೆ ಮೇಲೆ ಏನೋ ಇಟ್ಟು ಗುಂಡಿ ಒತ್ತಿದ್ರು. ಇನ್ನೂರು. ಅದರ ಮೇಲೂ ಸ್ವಲ್ಪ ಕಾದು ನೋಡಿ ಆಮೇಲೆ ಹೊಡೆಯುತ್ತಂತೆ. ಎರಡು ನಿಮಿಷದ ಕೆಲಸ. ವರ್ಷದ ಮೇಲೆ ಬೆಂಚಿನ ಮೇಲೆ ಕೂತಿದ್ದೆನಲ್ಲ. ಬಸ್ ಸ್ಟಾಪಲ್ಲಿ ಅತ್ತುಬಿಟ್ಟೆ.

ಏಪ್ರಿಲ್ 3
ಈಗ ಹೊಸ ಭಯ. ನಿಜವಾದ ಅಪಾಯ ಬಂದಾಗ ಡಬ್ಬಿ ಕಾಯ್ತಾ ಕೂತುಬಿಟ್ರೆ? ಟಮೀಕಾಗೆ ಫೋನ್ ಮಾಡಿದೆ. "ಬೇಕಾದಾಗ ಹೊಡೆದೇ ಹೊಡೆಯುತ್ತೆ" ಅಂದಳು. ನಂಬಿದೆ. ಹತ್ತು ನಿಮಿಷ.

ಏಪ್ರಿಲ್ 13, ಶನಿವಾರ, 11.15, ಕ್ಲಬ್ಬಲ್ಲೇ
ಶೂ ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ. ಕೂತಲ್ಲೇ ನಾಡಿ 121. ಬರೀ ಹೆದರಿಕೆಗೆ. ಗೆರೆ ಮೇಲಕ್ಕೆ ಹೋದ್ರೂ ನನ್ನ ಕಾಲು ಇನ್ನೂ ನೂರ ಎಪ್ಪತ್ತರಲ್ಲೇ ನಿಂತಿದೆ. ರೋಸಲಿನ್ ಈ ಸಲ ಬಾ ಅನ್ನಲಿಲ್ಲ, ತಮಾಷೆ ಮಾಡಲಿಲ್ಲ. ನಡುವೆ ಯಾರನ್ನೂ ಬಿಡ್ತಿಲ್ಲ. ಆ ತುದಿಗೆ ಇನ್ನೊಬ್ಬಳನ್ನ ನಿಲ್ಲಿಸಿಕೊಂಡು ಎರಡೂ ಹಗ್ಗ ಖಾಲಿ ತಿರುಗಿಸ್ತಾ ನಿಂತಿದಾಳೆ, ಪೂರಾ ಜೋರಲ್ಲಿ, ನಾನು ಜಿಗೀತಿದ್ದ ಕಾಲದ ಜೋರಲ್ಲಿ. ಆಗಲೇ ಐದು ನಿಮಿಷ ಆಯ್ತು. ಅವಳ ಭುಜ ನೋಯ್ತಿರುತ್ತೆ. ಸಾಕು, ಇನ್ನು ಎಣಿಸಲ್ಲ. ಈ ಪುಸ್ತಕ ಇಲ್ಲೇ ಬೆಂಚಿನ ಮೇಲಿಟ್ಟು —