ನಾಲಿಗೆಯ ಬಲ ಅಂಚಿನಲ್ಲಿ

ಅಪ್ಪಾ, ತುಂಬಿದ ಸಭಾಂಗಣವನ್ನು ಮೈಕಿಲ್ಲದೆ ನಡುಗಿಸುವ ನನ್ನ ಮಹಾರಾಕ್ಷಸನೇ,

ಎದುರು ನಿಂತು ಹೇಳೋಣವೆಂದರೆ ನಿನ್ನ ಮುಂದೆ ಇನ್ನೊಬ್ಬರಿಗೆ ಮಾತು ಸಿಗುವುದುಂಟೇ? ಅದಕ್ಕೇ ಬರೆದು ಕನ್ನಡಿಗೆ ಸಿಕ್ಕಿಸಿದ್ದೇನೆ. ಬೆಳಗಾದರೆ ರಾಕ್ಷಸ ಪಾತ್ರದ ಗರ್ಜನೆಯ ಅಭ್ಯಾಸಕ್ಕೆ ನೀನು ಮೊದಲು ಬರುವುದು ಅಲ್ಲಿಗೇ. ಇವತ್ತೊಂದು ದಿನ ಗರ್ಜಿಸಬೇಡ. ಓದು.

ಇವತ್ತು ನನ್ನ ಲೈಸೆನ್ಸ್ ಪರೀಕ್ಷೆ. ಹಲ್ಲು ಶುಚಿ ಮಾಡುವ ಕೆಲಸಕ್ಕೆ ಸೇರುವವರು ಪರೀಕ್ಷಕರೆದುರು ಒಂದು ಬಾಯಿ ಶುಚಿ ಮಾಡಿ ತೋರಿಸಬೇಕು. ಆ ಬಾಯಿಯನ್ನು ನಾವೇ ಹುಡುಕಿ ತರಬೇಕು. ಗಟ್ಟಿ ಪಾಚಿ ಕಟ್ಟಿದ ಹಲ್ಲಿನವರು ಸಿಗದೆ ನಾನು ಕಂಗೆಟ್ಟು ಕೂತಾಗ ನೀನು ಎದೆ ತಟ್ಟಿಕೊಂಡೆ. "ನನ್ ಬಾಯಿಗಿಂತ ಕೊಳಕು ಬಾಯಿ ಎಲ್ಲಿ ಸಿಗತ್ತೆ ನಿಂಗೆ? ಸಿಗರೇಟು ಸೇದಿ ಸೇದಿ ಬೆಳೆಸಿದ್ದು ಕಣೇ!" ಅಮ್ಮ ಒಳಗಿನಿಂದಲೇ, "ಅಂತೂ ಒಂದು ಉಪಯೋಗಕ್ಕೆ ಬಂತು" ಎಂದಳು. ಮೂವರೂ ನಕ್ಕೆವು.

ನಿನ್ನೆ ಸಂಜೆ ಕಿಟಕಿಯ ಬೆಳಕಿಗೆ ನಿನ್ನನ್ನು ಕೂರಿಸಿ ಅಭ್ಯಾಸಕ್ಕಿಳಿದೆ. ಹಲ್ಲಿಗೆ ಕೈ ಹಚ್ಚುವ ಮೊದಲು ಇಡೀ ಬಾಯಿ ನೋಡಬೇಕು, ಅದು ಮೊದಲ ಪಾಠ. ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಎಡಕ್ಕೆಳೆದೆ. ಬಲ ಅಂಚಿನಲ್ಲಿ, ಹಿಂದೆ, ಬಿಳಿ ಕೆಂಪು ಬೆರೆತ ಒಂದು ಮಚ್ಚೆ. ಒರೆಸಿದೆ, ಹೋಗಲಿಲ್ಲ. ಬೆರಳಿಟ್ಟೆ; ಗಟ್ಟಿ! ಯಾವಾಗಿನಿಂದ ಎಂದು ಕೇಳಿದ್ದಕ್ಕೆ ನೀನಂದದ್ದು: "ಹೋದ ತಿಂಗಳ ನಾಟಕದ ಮುಂಚೆಯಿಂದ ಇದೆ. ಹಲ್ಲು ತಾಗಿರಬೇಕು, ಬಿಡೇ. ನೋವೇ ಇಲ್ಲ."

ನೋವೇ ಇಲ್ಲ! ಅಪ್ಪಾ, ನಾನು ಹೆದರಿದ್ದು ಆ ಮಾತಿಗೇ. ಎರಡು ವಾರ ಕಳೆದರೂ ಮಾಯದ, ನೋಯದ ಹುಣ್ಣು ಕಂಡರೆ ಏನು ಮಾಡಬೇಕು? ಈ ಪ್ರಶ್ನೆಗೆ ನಿದ್ದೆಗಣ್ಣಲ್ಲೂ ಉತ್ತರ ಬರೆದೇನು. ನಿನ್ನ ಮುಖ ನೋಡಿ ಹೇಳಲಾಗಲಿಲ್ಲ. "ಯಾಕೆ ಹಿಂಗೆ ಬೆವರ್ತಿದೀಯ? ಪಾಸಾಗ್ತೀಯ ಬಿಡು" ಎಂದು ನೀನು ಬೆನ್ನು ಚಪ್ಪರಿಸಿದೆ.

ರಂಗದ ಮೇಲೆ ನೀನು ಸತ್ತದ್ದನ್ನು ಎಷ್ಟು ಸಲ ನೋಡಿಲ್ಲ! ಚಿಕ್ಕವಳಿದ್ದಾಗ ಪರದೆಯ ಹಿಂದೆ ನಿಂತು, ನೀನು ಮಾತು ಮರೆತಲ್ಲೆಲ್ಲ ಪಿಸುಗುಟ್ಟಿ ಹೇಳಿಕೊಟ್ಟವಳು ನಾನೇ. ಖಡ್ಗ ತಾಗಿ ಉರುಳಿದವನು ಪರದೆ ಬಿದ್ದೊಡನೆ ಎದ್ದು ಬಂದು ಕಾಫಿ ಕೇಳುತ್ತಾನೆಂಬ ಧೈರ್ಯವಿತ್ತು. ಈ ಮಚ್ಚೆಯ ಮುಂದೆ ಆ ಧೈರ್ಯವಿಲ್ಲ. ಕ್ಯಾನ್ಸರ್ ಅಲ್ಲದಿರಬಹುದು. ಆಗಿದ್ದರೆ? ಆ ಧ್ವನಿ, ಆ ನಾಲಿಗೆ...

ಪರೀಕ್ಷೆಗೆ ಬರುವುದಿಲ್ಲವೆಂದು ರಾತ್ರಿಯೇ ಪರೀಕ್ಷಕರಿಗೆ ತಿಳಿಸಿಬಿಟ್ಟೆ. ಬಾಯಿಯ ಡಾಕ್ಟರು ಅದೇ ಹೊತ್ತಿಗೆ ನಿನ್ನನ್ನು ನೋಡುತ್ತಾರೆ; ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನಾಳೆ ನಿನ್ನ ನಾಟಕ ಕಂಪನಿಯ ಪ್ರವಾಸ ಹೊರಟರೆ ತಿಂಗಳುಗಟ್ಟಲೆ ನೀನು ಕೈಗೆ ಸಿಗುವವನಲ್ಲ. ಲೈಸೆನ್ಸ್ ಮುಂದಿನ ಸಲವೂ ಸಿಗುತ್ತದೆ. "ನನ್ ಬಾಯಿಗೆ ಕೈ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ" ಎಂದು ಮೀಸೆ ತಿರುವಬೇಡ. ಆ ಡಾಕ್ಟರು ಹೆಂಗಸು.

ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾಯುತ್ತಿದ್ದೇನೆ. ಅವರು ಬಾಯಿ ತೆರೆಯಿರಿ ಎಂದಾಗ ಸುಮ್ಮನೆ ತೆರೆ. ನಿನಗೆ ಮಾತು ಹೊರಡದಿದ್ದರೆ ಹೇಳಿಕೊಡಲು ಪಕ್ಕದಲ್ಲೇ ನಿಂತಿರುತ್ತೇನೆ.

ಇನ್ನೂ ಬಹಳ ವರ್ಷ ಈ ಕನ್ನಡಿಯ ಮುಂದೆ ಗರ್ಜಿಸಿ ನಮ್ಮೆಲ್ಲರ ನಿದ್ದೆ ಕೆಡಿಸುತ್ತಿರು.

ಇಂತಿ,
ನಿನ್ನ ಪರದೆಯ ಹಿಂದಿನ ಮಗಳು