ಏನನ್ನೂ ಹೊರದ ತೊಲೆಗಳು

ನನಗೆ ಮರ ನೋಡುವುದನ್ನು ಕಲಿಸಿದ ಕಮಲಾ ಮೇಡಂ,

ನಿಮ್ಮ ಕಲ್ಲಾಂಗ್ ಫ್ಲಾಟಿನ ಊಟದ ಮೇಜಿನ ಮೇಲೆ ಆ ದೊಡ್ಡ ನಕ್ಷೆ ಹರಡಿದ ದಿನ ನೆನಪಿದೆಯೇ? ಓದುವ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಜಮೀನ್ದಾರರ ಹಳೆಯ ಮರದ ಮನೆಯನ್ನು ನೀವೇ ಏಣಿ ಹತ್ತಿ ಅಳೆದು ಬರೆದದ್ದು. ಓಕ್ ತೊಲೆಗಳ ಮೇಲೆ ಉಳಿಯಿಂದ ಕೆತ್ತಿದ ಗೀಟುಗಳನ್ನು ತೋರಿಸಿ, "ಇದು ಅಲಂಕಾರ ಅಲ್ಲ ಕಣೇ. ಬಡಗಿಗಳು ಇಡೀ ಚೌಕಟ್ಟನ್ನ ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಆಮೇಲೆ ನಿಲ್ಲಿಸೋರು. ಮೂರು ಗೀಟಿನ ತೊಲೆ ಮೂರು ಗೀಟಿನ ಕಂಬಕ್ಕೇ ಸೇರಬೇಕು," ಅಂದಿರಿ. ಮರದ ಗೂಟಗಳ ನಂಬಿಕೆಯ ಮೇಲೆ ನಿಂತ ಮನೆ. ಆ ನಕ್ಷೆಯನ್ನು ಓದಿದಷ್ಟು ನಿಧಾನವಾಗಿ ನಾನು ಯಾವ ಕವಿತೆಯನ್ನೂ ಓದಿಲ್ಲ.

ನೀವು ತೀರಿಹೋದ ಮೇಲೆ ಆ ನಕ್ಷೆ ನನ್ನ ಬಳಿಯಿತ್ತು. ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸನ್ನು 'ಇಂಗ್ಲಿಷ್ ಮ್ಯಾನರ್', ಅಂದರೆ ಅಂಥದೇ ಜಮೀನ್ದಾರರ ಮನೆ, ಮಾಡುತ್ತೇವೆಂದು ಕಮಿಟಿಯ ಅಧ್ಯಕ್ಷ ರಘು ಕೇಳಿದಾಗ ಕೊಟ್ಟುಬಿಟ್ಟೆ. ಗೋಡೆಗೆ ತೂಗುಹಾಕುತ್ತಾರೆ ಅಂದುಕೊಂಡೆ, ಪೆದ್ದಿ.

ಮೊನ್ನೆ ಭಾನುವಾರ ಹೋಗಿ ನೋಡಿದೆ. ಕಾಂಕ್ರೀಟ್ ಗೋಡೆಗೆ ಕಂದು ಪ್ಲಾಸ್ಟಿಕ್ ತೊಲೆಗಳನ್ನು ಅಂಟಿಸಿದ್ದಾರೆ. ನಿಮ್ಮ ನಕ್ಷೆಯಲ್ಲಿ ತೊಲೆಗೆ ಆಸರೆಯಾಗಿದ್ದ ಬಾಗಿದ ಮರಗಳು ಇಲ್ಲಿ ತಲೆಕೆಳಗಾಗಿ, ಯಾರದೋ ಮೀಸೆಯಂತೆ ಜೋತುಬಿದ್ದಿವೆ. ಗೀಟುಗಳೂ ಇವೆ! ಎಲ್ಲ ತೊಲೆಗೂ ಮೂರೇ ಮೂರು.

"ಎಲ್ಲದಕ್ಕೂ ಮೂರು ಯಾಕೆ?"

"ಯೂನಿಫಾರ್ಮ್ ಆಗಿರ್ಲಿ ಅಂತ ನಾನೇ ಹೇಳಿದೆ ಮೇಡಂ. ರಿಚ್ ಲುಕ್ ಬಂತಲ್ಲ?" ಅಂದ ರಘು. ಅವನ ಪುಟ್ಟ ಮಗಳು ತೊಲೆಯನ್ನು ಬೆರಳಿನಿಂದ ಕುಟ್ಟಿ, "ಒಳಗೆ ಏನೂ ಇಲ್ಲ ಲಾ, ಆಂಟಿ," ಎಂದು ಈ ಊರಿನವರ 'ಲಾ' ಸೇರಿಸಿ ನಕ್ಕಳು. ಅಲ್ಲಿದ್ದವರಲ್ಲಿ ಬುದ್ಧಿಯಿದ್ದದ್ದು ಅವಳೊಬ್ಬಳಿಗೆ.

ಇಷ್ಟನ್ನು ಸಹಿಸುತ್ತಿದ್ದೆನೇನೋ. ಆದರೆ ಬಾಗಿಲ ಮೇಲಿನ ತೊಲೆಯಲ್ಲಿ ಹಿತ್ತಾಳೆ ಫಲಕ. ನಿಮ್ಮ ಪೂರ್ತಿ ಹೆಸರು, ಕೆಳಗೆ 'ಇವರ ನಕ್ಷೆಯಂತೆ ಕಟ್ಟಿದ್ದು'. ಒಂದು ಗೆರೆ ತಪ್ಪಿದರೆ ಹಾಳೆಯನ್ನೇ ಹರಿದುಹಾಕುತ್ತಿದ್ದ ನಿಮ್ಮ ಹೆಸರು, ಆ ಪ್ಲಾಸ್ಟಿಕ್ಕಿನ ಮೇಲೆ...

"ಇದನ್ನ ತೆಗೆಸಿ."

"ಅಯ್ಯೋ, ಆನರ್ ಮಾಡಿದ್ದೀವಿ ಮೇಡಂ! ನಾಳಿದ್ದೇ ಓಪನಿಂಗ್."

"ಹಾಗಾದ್ರೆ ಅವತ್ತು ಮೈಕ್ ನನಗೆ ಕೊಡಿ. ಒಂದೊಂದೇ ಗೀಟಿನ ಅರ್ಥ ಹೇಳ್ತೀನಿ. ಬಂದವರೂ ತಿಳ್ಕೊಳ್ಳಲಿ."

ರಘು ಸ್ಕ್ರೂಡ್ರೈವರ್ ತರಿಸಿದ.

ವಾಪಸ್ ಇಸಿದುಕೊಂಡು ಬಂದ ನಕ್ಷೆ ಈಗ ನನ್ನ ಮೇಜಿನ ಮೇಲಿದೆ ಮೇಡಂ, ಇನ್ನು ಯಾರ ಕೈಗೂ ಕೊಡುವುದಿಲ್ಲ. ಆ ಬಾಗಿಲ ಮೇಲೆ ಉಳಿದಿರುವುದು ಫಲಕದ ಸ್ಕ್ರೂಗಳ ನಾಲ್ಕು ತೂತು. ಕತ್ತೆತ್ತಿದರೆ ಒಳಗಿನ ಟೊಳ್ಳು ಚೆನ್ನಾಗಿ ಕಾಣುತ್ತದೆ.